‘ವರ್ಷದ ಕೊನೆಗೆ ನಮಗೇನಾದ್ರೂ ಬಂತಾ ಸಾರ್?’

ಡಿಸೆಂಬರ್ ಬಂತೆಂದರೆ ಪಂಚಾಯಿತಿ, ಪುರಸಭೆಗಳಲ್ಲಿ ಕೆಲಸ ಮಾಡುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಸಾರ್, ವರ್ಷ ಮುಗೀತಾ ಬಂತು, ನಮಗೇನಾದ್ರೂ ಹೊಸ ಆದೇಶ ಬಂತಾ?’ ಬಿಲ್ ಕಲೆಕ್ಟರ್ ಕೇಳುತ್ತಾರೆ, ನೀರಗಂಟಿ ಕೇಳುತ್ತಾರೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೇಳುತ್ತಾರೆ, ಕಸದ ಗಾಡಿ ಓಡಿಸುವ ಡ್ರೈವರ್ ಕೂಡ ಕೇಳುತ್ತಾರೆ. ಅನೇಕ ವರ್ಷ ಲೆಕ್ಕದ ಶಾಖೆಯಲ್ಲಿ ಕೂತವನು ನಾನು, ಹಾಗಾಗಿ ಕೇಳುವುದು ಸಹಜ. ಆದರೆ ಅಷ್ಟೂ ಜನರಿಗೆ ಹೇಳಬಹುದಾದ ಒಂದೇ ಉತ್ತರ ನನ್ನ ಹತ್ತಿರ ಇಲ್ಲ. ನಾನು ತಿರುಗಿ ಕೇಳುವುದು ಇಷ್ಟು: ನಿಮ್ಮ ನೇಮಕಾತಿ ಆದೇಶದ ಕೆಳಗೆ ಸಹಿ ಯಾರದ್ದು? ಸಂಬಳ ಯಾವ ಖಾತೆಯಿಂದ ಬರುತ್ತದೆ?

ಗ್ರಾಮ ಪಂಚಾಯಿತಿಯ ಒಂದೇ ಕೋಣೆಯಲ್ಲಿ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತವರು ಬೇರೆ ಬೇರೆ ನಿಯಮಗಳ ಅಡಿಯಲ್ಲಿ ದುಡಿಯುತ್ತಿರುತ್ತಾರೆ. ಪಿಡಿಒ, ಕಾರ್ಯದರ್ಶಿ, ಲೆಕ್ಕ ಸಹಾಯಕರು ರಾಜ್ಯ ಸರ್ಕಾರದ ನೌಕರರು. ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ನೀರಗಂಟಿ, ಜವಾನ, ಸ್ವಚ್ಛತಾಗಾರರು ಪಂಚಾಯಿತಿಯೇ ನೇಮಿಸಿಕೊಂಡ ನೌಕರರು. ಪಟ್ಟಣದ ಕಡೆ ಹೋದರೆ ಕಾಯಂ ಪೌರಕಾರ್ಮಿಕರು, ನೇರ ಪಾವತಿಯವರು, ಏಜೆನ್ಸಿ ಮೂಲಕ ಬಂದ ಹೊರಗುತ್ತಿಗೆಯವರು ಅಂತ ಇನ್ನಷ್ಟು ಗುಂಪುಗಳಿವೆ. ವಾಟ್ಸಾಪ್‌ನಲ್ಲಿ ಬರುವ ‘ನೌಕರರಿಗೆ ಬಂಪರ್’ ಪೋಸ್ಟರ್ ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ. ಅದನ್ನು ನಂಬಿ ಸಾಲ ಎತ್ತಿದವರನ್ನು ನೋಡಿದ್ದೇನೆ. ಅದಕ್ಕೇ ಈ ವಿಷಯದಲ್ಲಿ ನನಗೆ ಇಷ್ಟು ಕಾಳಜಿ.

ಏಳನೇ ರಾಜ್ಯ ವೇತನ ಆಯೋಗದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸುಧಾಕರ ರಾವ್ ಅಧ್ಯಕ್ಷತೆಯ ಆಯೋಗ ವರದಿ ಕೊಟ್ಟಿದ್ದು 2024ರ ಮಾರ್ಚ್‌ನಲ್ಲಿ. ಅದು ಜಾರಿಗೆ ಬಂದಿದ್ದು 2024ರ ಆಗಸ್ಟ್ 1ರಿಂದ. ನಡುವಿನ ತಿಂಗಳುಗಳಲ್ಲಿ ಎಷ್ಟು ಸುದ್ದಿ ಓಡಾಡಿತು ಅಂತ ನಿಮಗೇ ಗೊತ್ತು. ವರದಿ, ಶಿಫಾರಸು, ಸಂಪುಟದ ತೀರ್ಮಾನ, ಸರ್ಕಾರಿ ಆದೇಶ ಇವೆಲ್ಲ ಬೇರೆ ಬೇರೆ. ಕೊನೆಯದು ಕೈಗೆ ಬರುವವರೆಗೆ ಸಂಬಳದ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಆದೇಶವಾದರೆ ಅದಕ್ಕೆ ಸಂಖ್ಯೆ ಇರುತ್ತದೆ, ದಿನಾಂಕ ಇರುತ್ತದೆ, ಯಾವ ಇಲಾಖೆಯಿಂದ ಹೊರಟಿದೆ ಅಂತ ಇರುತ್ತದೆ, ಯಾರಿಗೆ ಅನ್ವಯ ಅಂತಲೂ ಬರೆದಿರುತ್ತದೆ. ಎಲ್ಲಕ್ಕಿಂತ ಮೊದಲು ಓದಬೇಕಾದ್ದು ಆ ಅನ್ವಯದ ಸಾಲು. ಏಳನೇ ವೇತನ ಆಯೋಗದ ಶೇ 27.5ರ ವೇತನ ಹೆಚ್ಚಳ (ಫಿಟ್‌ಮೆಂಟ್), ಕನಿಷ್ಠ 27,000 ರೂಪಾಯಿ ಮೂಲ ವೇತನ ಪಿಡಿಒಗೆ ಬಂತು. ಅದೇ ಕಚೇರಿಯ ನೀರಗಂಟಿಗೆ ಬರಲಿಲ್ಲ. ಇದು ನ್ಯಾಯವೇ ಅಂತ ಕೇಳಿದರೆ ಅಲ್ಲ ಅಂತಲೇ ನಾನು ಹೇಳುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ವಾಲ್ವ್ ತಿರುಗಿಸುವವರಿಲ್ಲದಿದ್ದರೆ ಊರಿಗೆ ನೀರಿಲ್ಲ. ಆದರೆ ಇವತ್ತು ಇರುವ ನಿಯಮ ಇದು, ತಿಳಿದಿರಬೇಕು.

ಸರ್ಕಾರಿ ನೌಕರರ ಪಾಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಅವರಿಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ತುಟ್ಟಿಭತ್ಯೆ 2025ರ ಜನವರಿ 1ರಿಂದ ಶೇ 12.25 ಆಯಿತು, ಜುಲೈ 1ರಿಂದ ಶೇ 14.25. ನೌಕರರಿಗೂ ಅವರ ಕುಟುಂಬಕ್ಕೂ ನಗದುರಹಿತ ಚಿಕಿತ್ಸೆ ಕೊಡುವ ಆರೋಗ್ಯ ಸಂಜೀವಿನಿ ಯೋಜನೆ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಎ ಗುಂಪಿನವರಿಗೆ ತಿಂಗಳಿಗೆ 1,000, ಬಿ ಗುಂಪಿಗೆ 500, ಸಿ ಗುಂಪಿಗೆ 350, ಡಿ ಗುಂಪಿಗೆ 250 ರೂಪಾಯಿ ವಂತಿಗೆ. ಸಂಬಳದಲ್ಲಿ ಕಡಿತ ಆಗುತ್ತಿದೆಯೇ ಅಂತ ನೋಡಿದರೆ ಸಾಲದು. ಕುಟುಂಬದ ಸದಸ್ಯರ ಹೆಸರು, ಹುಟ್ಟಿದ ದಿನಾಂಕ ಸರಿಯಾಗಿ ದಾಖಲಾಗಿದೆಯೇ ನೋಡಿ. ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ತಾಯಿಯ ಹೆಸರು ಆಧಾರ್‌ನಲ್ಲಿ ಒಂದು, ದಾಖಲೆಯಲ್ಲಿ ಇನ್ನೊಂದು ಅಂತಾದರೆ ಆಗ ತಿದ್ದಿಸಲು ಸಮಯ ಇರುವುದಿಲ್ಲ.

ಸಾಂದರ್ಭಿಕ ರಜೆ ಡಿಸೆಂಬರ್ 31ಕ್ಕೆ ಸತ್ತುಹೋಗುತ್ತದೆ, ಮುಂದಿನ ವರ್ಷಕ್ಕೆ ಬರುವುದಿಲ್ಲ. ಗಳಿಕೆ ರಜೆ ಹಾಗಲ್ಲ. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ದಿನ ಮುಂಗಡವಾಗಿ ಜಮೆಯಾಗುತ್ತದೆ, ಒಟ್ಟು 300 ಮೀರುವಂತಿಲ್ಲ. ಇದು ಗೊತ್ತಿಲ್ಲದವರಿಲ್ಲ. ಆದರೆ ಸೇವಾ ಪುಸ್ತಕದ ಹಿಂಭಾಗದ ರಜೆ ಲೆಕ್ಕದ ಹಾಳೆಯನ್ನು ತೆರೆದು ನೋಡಿದವರು ಎಷ್ಟು ಜನ? ವರ್ಗಾವಣೆ ಆದ ವರ್ಷ ನೋಡಿ, ಅಲ್ಲೇ ಸಾಲು ಬಿಟ್ಟುಹೋಗಿರುತ್ತದೆ. ಹಳೇ ಕಚೇರಿಯವರು ‘ಅಲ್ಲಿ ಹಾಕ್ಕೊಳ್ತಾರೆ’ ಅಂದುಕೊಂಡಿರುತ್ತಾರೆ, ಹೊಸಬರು ‘ಅಲ್ಲೇ ಹಾಕಿರ್ತಾರೆ’ ಅಂದುಕೊಂಡಿರುತ್ತಾರೆ. ನಿವೃತ್ತಿಯ ವರ್ಷದಲ್ಲಿ ಆ ಒಂದು ಸಾಲಿಗಾಗಿ ಮೂರು ತಾಲ್ಲೂಕು ಸುತ್ತಬೇಕಾಗುತ್ತದೆ. ಈ ತಿಂಗಳೇ ನೋಡಿ, ಈಗಲಾದರೆ ಒಂದು ಪತ್ರದಲ್ಲಿ ಮುಗಿಯುತ್ತದೆ.

ತೆರಿಗೆ ವಿಷಯ: ಹೊಸ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿಸಿ ವರ್ಷಕ್ಕೆ 12.75 ಲಕ್ಷದವರೆಗೆ ಸಂಬಳ ಇರುವವರಿಗೆ 2025-26ರ ಹಣಕಾಸು ವರ್ಷದಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ. ಹಾಗಾಗಿ ತೆರಿಗೆ ಉಳಿಸಬೇಕು ಅಂತ ಫೆಬ್ರವರಿಯಲ್ಲಿ ಏಜೆಂಟರು ತರುವ ಪಾಲಿಸಿಗೆ ಸಹಿ ಹಾಕುವ ಮೊದಲು ನಿಮಗೆ ತೆರಿಗೆ ಇದೆಯೇ ಅಂತ ಲೆಕ್ಕ ಹಾಕಿ. ಇನ್ನೊಂದು ಸಣ್ಣ ವಿಷಯ, ಫೆಬ್ರವರಿ ಸಂಬಳದಲ್ಲಿ ವೃತ್ತಿ ತೆರಿಗೆ 200ರ ಬದಲು 300 ರೂಪಾಯಿ ಕಡಿತವಾದರೆ ಗಾಬರಿಯಾಗಬೇಡಿ, ವರ್ಷಕ್ಕೆ 2,500 ಆಗುವಂತೆ ನಿಯಮವನ್ನೇ ಬದಲಿಸಿದ್ದಾರೆ.

ಹೊರಗುತ್ತಿಗೆಯವರು ನೋಡಬೇಕಾದ್ದು ಆದೇಶಗಳನ್ನಲ್ಲ, ತಮ್ಮದೇ ಪಿಎಫ್ ಪಾಸ್‌ಬುಕ್. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಅಂತ ಇರುತ್ತದೆ, ಆದರೆ ಅದು ನಿಮ್ಮ ಯುಎಎನ್ (ಪಿಎಫ್ ಸಂಖ್ಯೆ) ಖಾತೆಗೆ ಪ್ರತಿ ತಿಂಗಳು ಬಿದ್ದಿದೆಯೇ? ನಿಮ್ಮ ಶೇ 12 ಜೊತೆಗೆ ಗುತ್ತಿಗೆದಾರರ ಪಾಲೂ ಬರಬೇಕು. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕೂಡ ಇರಬೇಕು. ಗುತ್ತಿಗೆ ಅವಧಿ ಸಾಮಾನ್ಯವಾಗಿ ಮಾರ್ಚ್‌ಗೆ ಮುಗಿಯುತ್ತದೆ, ಏಪ್ರಿಲ್‌ನಲ್ಲಿ ಹೊಸ ಏಜೆನ್ಸಿ ಬರುತ್ತದೆ. ಹಳೆಯವರು ಹೋದ ಮೇಲೆ ಬಾಕಿ ತಿಂಗಳ ಪಿಎಫ್ ಕೇಳಲು ನಿಮಗೆ ಎದುರಿಗೆ ಯಾರೂ ಇರುವುದಿಲ್ಲ. ಜನವರಿಯಲ್ಲೇ ಪಾಸ್‌ಬುಕ್ ಪ್ರಿಂಟ್ ತೆಗೆದು, ಖಾಲಿ ತಿಂಗಳಿಗೆ ಗುರುತು ಹಾಕಿ, ಪುರಸಭೆಯ ಮುಖ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಏಜೆನ್ಸಿಯ ಕೊನೆ ಬಿಲ್ಲು ಪಾಸಾಗುವ ಮುನ್ನ ಈ ಕಾಗದ ಕಡತದಲ್ಲಿ ಇದ್ದರೆ ಅದಕ್ಕೆ ತೂಕ ಇರುತ್ತದೆ.

ಇನ್ನು ಪಂಚಾಯಿತಿಯ ಸ್ವಂತ ನೌಕರರು. ನನಗೆ ಹೆಚ್ಚು ಹೇಳಬೇಕಿರುವುದು ಇವರಿಗೇ.

ನಿಮ್ಮ ತುಟ್ಟಿಭತ್ಯೆ ಜನವರಿ, ಜುಲೈ ಲೆಕ್ಕದ್ದಲ್ಲ. ನಿಮ್ಮದು ಕನಿಷ್ಠ ವೇತನದ ಜೊತೆಗೆ ಬರುವ ವ್ಯತ್ಯಯ ತುಟ್ಟಿಭತ್ಯೆ. ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಪಿಡಿಒಗೆ ಡಿಎ ಏರಿತು, ನನಗೇಕೆ ಏರಲಿಲ್ಲ ಅಂತ ನವೆಂಬರ್‌ನಲ್ಲಿ ಜಗಳ ಆಡುವ ಬದಲು, ಏಪ್ರಿಲ್‌ನಲ್ಲಿ ಬಂದ ಕಾರ್ಮಿಕ ಇಲಾಖೆಯ ದರದ ಪ್ರಕಾರ ನಿಮಗೆ ಸಂಬಳ ಸಿಗುತ್ತಿದೆಯೇ ಅಂತ ನೋಡಿ. ಹಳೇ ದರದಲ್ಲೇ ಓಡುತ್ತಿದ್ದರೆ ಆ ವ್ಯತ್ಯಾಸ ನಿಮ್ಮ ಹಕ್ಕಿನ ಬಾಕಿ.

ಬಾಕಿ ಎಲ್ಲಿಂದ ಕೊಡುತ್ತಾರೆ? ಇಲ್ಲಿ ಡಿಸಿಬಿ ಬರುತ್ತದೆ. ಬೇಡಿಕೆ, ವಸೂಲಿ, ಬಾಕಿ ಅನ್ನುವ ಆ ಮೂರು ಕಾಲಮ್ಮು ಬಿಲ್ ಕಲೆಕ್ಟರ್ ತಲೆನೋವು ಮಾತ್ರ ಅಂತ ಉಳಿದವರು ಅಂದುಕೊಳ್ಳುತ್ತಾರೆ. ಆದರೆ ನಿಮ್ಮ ಸಂಬಳದ ಮೂಲ ಎರಡು: ರಾಜ್ಯ ಸರ್ಕಾರ ಕೊಡುವ ಶಾಸನಬದ್ಧ ಅನುದಾನ ಮತ್ತು ಪಂಚಾಯಿತಿಯ ಸ್ವಂತ ತೆರಿಗೆ. ಕೇಂದ್ರದಿಂದ ಬರುವ ಹದಿನೈದನೇ ಹಣಕಾಸು ಆಯೋಗದ ದುಡ್ಡು ಖಾತೆಯಲ್ಲಿ ಎಷ್ಟೇ ಇರಲಿ, ಅದರಲ್ಲಿ ಸಂಬಳ ಕೊಡುವಂತಿಲ್ಲ. ಶೇ 60 ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು, ಉಳಿದ ಶೇ 40ರಲ್ಲೂ ವೇತನ, ಆಡಳಿತ ವೆಚ್ಚಕ್ಕೆ ಅವಕಾಶ ಇಲ್ಲ. ಹಾಗಾಗಿ ಮನೆ ಕಂದಾಯ, ನೀರಿನ ಕರ ವಸೂಲಾಗದ ಪಂಚಾಯಿತಿಯಲ್ಲಿ ಸ್ವಚ್ಛತಾಗಾರರ ಬಾಕಿ ನಿಲ್ಲುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಬಿಲ್ ಕಲೆಕ್ಟರ್ ಮನೆಮನೆ ತಿರುಗುವಾಗ ನೀರಗಂಟಿ ಜೊತೆಗೆ ಹೋದರೆ ವಸೂಲಿ ಬೇರೆಯೇ ಆಗುತ್ತದೆ. ಊರಿನವರು ಮುಖ ನೋಡಿ ಕೊಡುತ್ತಾರೆ, ದಿನಾ ನೀರು ಬಿಡುವ ಮುಖ ಅದು.

ಅದಕ್ಕಿಂತ ದೊಡ್ಡ ವಿಷಯ ಅನುಮೋದನೆ. ಹೋದ ತಿಂಗಳು ಒಬ್ಬ ನೀರಗಂಟಿ ತಮ್ಮ ಕಾಗದಗಳನ್ನು ರಸಗೊಬ್ಬರದ ಚೀಲದಲ್ಲಿ ಮಡಚಿಟ್ಟುಕೊಂಡು ಬಂದಿದ್ದರು. ನೇಮಿಸಿಕೊಂಡ ಸಭೆಯ ನಡಾವಳಿಯ ಜೆರಾಕ್ಸ್, ಅಕ್ಷರ ಅರ್ಧ ಅಳಿಸಿತ್ತು. ಹಾಜರಾತಿ ಪುಟಗಳ ಪ್ರತಿ. ಮೂವರು ಅಧ್ಯಕ್ಷರು ಬೇರೆ ಬೇರೆ ಕಾಲದಲ್ಲಿ ಕೊಟ್ಟ ‘ಕೆಲಸ ಮಾಡುತ್ತಿದ್ದಾರೆ’ ಅನ್ನುವ ಪತ್ರಗಳು. ಎಲ್ಲ ಇತ್ತು, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಅನುಮೋದನೆ ಮಾತ್ರ ಇರಲಿಲ್ಲ. ಆ ಒಂದು ಪತ್ರ ಇಲ್ಲದ್ದಕ್ಕೆ ಸರ್ಕಾರದ ಅನುದಾನದ ಸಂಬಳದ ಪಟ್ಟಿಗೆ ಅವರ ಹೆಸರು ಹತ್ತಿಲ್ಲ, ಪಂಚಾಯಿತಿ ಖಾತೆಯಲ್ಲಿ ದುಡ್ಡಿದ್ದ ತಿಂಗಳು ಕೊಡುತ್ತಾರೆ, ಇಲ್ಲದ ತಿಂಗಳು ಇಲ್ಲ. ‘ಕೆಲ್ಸ ಬಿಟ್ಟಿದ್ ದಿನ ಒಂದಿಲ್ಲ ಸಾರ್’ ಅಂದರು. ಹಾಜರಾತಿ ಪುಟ ಅದನ್ನೇ ಹೇಳುತ್ತಿತ್ತು. ನಡಾವಳಿ ಪುಸ್ತಕದಿಂದ ದೃಢೀಕೃತ ನಕಲು ತೆಗೆಸಿ, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ ಮೂಲಕ ಪ್ರಸ್ತಾವ ಕಳಿಸುವಂತೆ ಅರ್ಜಿ ಬರೆದುಕೊಟ್ಟೆವು. ಈಗ ಕಡತ ಜಿಲ್ಲೆಯಲ್ಲಿದೆ.

ಇಂಥವರು 2025ರ ಈ ವರ್ಷಾಂತ್ಯ ತಡಮಾಡಲೇಬಾರದು, ಅದಕ್ಕೆ ಕಾರಣ ಇದೆ. ರಾಜ್ಯದ ಬಹುಪಾಲು ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2020ರ ಡಿಸೆಂಬರ್‌ನಲ್ಲಿ. ಮೊದಲ ಸಭೆ ನಡೆದ ದಿನದಿಂದ ಐದು ವರ್ಷ, ಅಂದರೆ 2026ರ ಆರಂಭದ ತಿಂಗಳುಗಳಲ್ಲಿ ಒಂದೊಂದೇ ಪಂಚಾಯಿತಿಯ ಸದಸ್ಯರ ಅವಧಿ ಮುಗಿಯುತ್ತದೆ. ಅಷ್ಟರಲ್ಲಿ ಚುನಾವಣೆ ಆಗದಿದ್ದರೆ ಆಡಳಿತಾಧಿಕಾರಿ ಬರುತ್ತಾರೆ. ಅವರಿಗೆ ನಿಮ್ಮ ಪರಿಚಯ ಇರುವುದಿಲ್ಲ, ಕಾಗದ ಏನು ಹೇಳುತ್ತದೋ ಅಷ್ಟೇ. ‘ಇವರು ಇಷ್ಟು ವರ್ಷದಿಂದ ಇದ್ದಾರೆ’ ಅಂತ ಬಾಯಲ್ಲಿ ಹೇಳುತ್ತಿದ್ದ ಅಧ್ಯಕ್ಷರು ಆಗ ಆ ಕುರ್ಚಿಯಲ್ಲಿ ಇರುವುದಿಲ್ಲ. ಸಾಲದ್ದಕ್ಕೆ 15ನೇ ಹಣಕಾಸು ಆಯೋಗದ ಅವಧಿಯೂ 2026ರ ಮಾರ್ಚ್ 31ರವರೆಗೆ ಮಾತ್ರ. ಕಾಮಗಾರಿ ಬಿಲ್ಲುಗಳ ಒತ್ತಡದಲ್ಲಿ ಇಡೀ ಕಚೇರಿ ಮುಳುಗಿರುತ್ತದೆ, ನಿಮ್ಮ ಅರ್ಜಿ ಆ ರಾಶಿಯ ಅಡಿಗೆ ಹೋಗುತ್ತದೆ.

ಆದ್ದರಿಂದ ನಿಮ್ಮ ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆ ಯಾವತ್ತು ಅಂತ ಇವತ್ತೇ ವಿಚಾರಿಸಿ. ಅನುಮೋದನೆ, ಬಾಕಿ ವೇತನ, ಕನಿಷ್ಠ ವೇತನದ ವ್ಯತ್ಯಾಸ, ಬಿಲ್ ಕಲೆಕ್ಟರ್‌ಗಳಾದರೆ ಬಡ್ತಿಗೆ ಬೇಕಾದ ಸೇವಾ ದೃಢೀಕರಣ, ಇದರಲ್ಲಿ ನಿಮ್ಮದು ಯಾವುದೋ ಅದನ್ನು ಅಜೆಂಡಾದಲ್ಲಿ ಸೇರಿಸಲು ಪಿಡಿಒಗೆ ಬರೆದು ಕೊಡಿ. ಸಭೆ ಮುಗಿದ ಮೇಲೆ ಬರೆದದ್ದನ್ನು ನೀವೇ ಓದಿ. ‘ಚರ್ಚಿಸಲಾಯಿತು’ ಅಂತಷ್ಟೇ ಇದ್ದರೆ ಸಾಲದು, ‘ತೀರ್ಮಾನಿಸಲಾಯಿತು’ ಅಂತ ಇರಬೇಕು, ನಿಮ್ಮ ಹೆಸರು, ಕೆಲಸಕ್ಕೆ ಸೇರಿದ ದಿನಾಂಕ ಎರಡೂ ಇರಬೇಕು. ದೃಢೀಕೃತ ನಕಲು ಕೇಳಿ ಪಡೆಯಿರಿ. ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ, 30 ದಿನದೊಳಗೆ ಉತ್ತರ ಕೊಡಲೇಬೇಕು. ಡಿಸೆಂಬರ್‌ನಲ್ಲೇ ಹಾಕಿದರೆ ಜನವರಿ ಮುಗಿಯುವುದರೊಳಗೆ ನಕಲು ನಿಮ್ಮ ಕೈಯಲ್ಲಿರುತ್ತದೆ, ಪ್ರಸ್ತಾವ ಜಿಲ್ಲೆಗೆ ಹೋಗಲು ಫೆಬ್ರವರಿ ಪೂರ್ತಿ ಉಳಿಯುತ್ತದೆ.