ಕಾಟಾದ ಹತ್ತಿರ ಒಂದು ಸ್ಕ್ರ್ಯಾಪ್

ಕೊಪ್ಪಳದಿಂದ ಹೊಸಪೇಟೆ ಕಡೆ ಹೊರಟರೆ ಗಿಣಿಗೇರಾ ಸುತ್ತಮುತ್ತ ಚಿಮಣಿಗಳು ಕಾಣಲು ಶುರುವಾಗುತ್ತವೆ. ಅಲ್ಲಿನ ಒಂದು ಉಕ್ಕಿನ ಕಾರ್ಖಾನೆಯ ಸ್ಕ್ರ್ಯಾಪ್ ಯಾರ್ಡಿನಲ್ಲಿ ನಾನು ಕ್ಲರ್ಕ್ ಆಗಿದ್ದೆ. ಯಾವ ಕಾರ್ಖಾನೆ ಅಂತ ಕೇಳಬೇಡಿ. ತಪ್ಪು ನನ್ನದು, ಕಾರ್ಖಾನೆಯದ್ದಲ್ಲ.

ಕೆಲಸ ಹೀಗಿತ್ತು. ಹಳೇ ಕಬ್ಬಿಣ ತುಂಬಿದ ಲಾರಿ ಬರುತ್ತದೆ. ಕಾಟಾ ಮೇಲೆ ನಿಂತು ತೂಕ ಆಗುತ್ತದೆ. ಮಾಲು ಇಳಿಸಿ ಖಾಲಿ ಲಾರಿ ಮತ್ತೆ ಕಾಟಾಕ್ಕೆ ಬರುತ್ತದೆ. ಎರಡರ ವ್ಯತ್ಯಾಸ ಬರೆದುಕೊಳ್ಳಬೇಕು. ಆಮೇಲೆ ಮಾಲಿನ ಜಾತಿ ನೋಡಬೇಕು. ದಪ್ಪ ತುಂಡು ಬೇರೆ, ಲೇತಿನಿಂದ ಬಂದ ಸುರುಳಿ ಸುರುಳಿ ಟರ್ನಿಂಗ್ ಬೇರೆ, ಒತ್ತಿ ಕಟ್ಟಿದ ಬಂಡಲ್ ಬೇರೆ. ಮುಚ್ಚಿದ ಡಬ್ಬ, ಸಿಲಿಂಡರ್ ಏನಾದರೂ ಸಿಕ್ಕರೆ ಪಕ್ಕಕ್ಕಿಡಬೇಕು. ಒಳಗೆ ನೀರೋ ಗ್ಯಾಸೋ ಉಳಿದಿದ್ದರೆ ಕುಲುಮೆಯಲ್ಲಿ ಸಿಡಿಯುತ್ತದೆ. 'ಸ್ಕ್ರ್ಯಾಪ್ ಬಂತು, ಸ್ಕ್ರ್ಯಾಪ್ ಹೋಯ್ತು, ಸ್ಕ್ರ್ಯಾಪ್ ಕಮ್ಮಿ ಐತಿ' ಅಂತ ದಿನಕ್ಕೆ ನೂರು ಸಲ ಆ ಪದ ಬಾಯಲ್ಲಿ ಬರುತ್ತಿತ್ತು. ಊರ ಕಡೆ ಮೋಡಕಾ, ಗುಜರಿ ಅನ್ನುತ್ತಾರಲ್ಲ, ಅದೇ. ಗೇಟಿನ ಒಳಗೆ ಬಂದ ಮೇಲೆ ಮಾತ್ರ ಎಲ್ಲರಿಗೂ ಅದು ಸ್ಕ್ರ್ಯಾಪ್.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದೆ ಅಂತ ಇನ್ನೊಂದು ಕೆಲಸವೂ ನನ್ನ ತಲೆಗೆ ಬಿದ್ದಿತ್ತು. ಮೇಲಿನಿಂದ ಬಂದ ಇಂಗ್ಲಿಷ್ ಮೇಲ್‌ಗಳನ್ನು ಕನ್ನಡಕ್ಕೆ ಇಳಿಸಿ ಗುತ್ತಿಗೆದಾರರು, ಮೇಸ್ತ್ರಿಗಳು, ಸೆಕ್ಯೂರಿಟಿಯವರು ಇರುವ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಸಂಬಳ ಜಾಸ್ತಿ ಏನಿಲ್ಲ. ಆದರೆ ನಾಲ್ಕು ಜನ 'ಸರ್' ಅನ್ನುತ್ತಿದ್ದರು. ನನಗೂ ಅದು ಬೇಕಾಗಿತ್ತು ಅನ್ನಿ.

ಒಂದು ಬೇಸಿಗೆಯಲ್ಲಿ ಹೊಸ ಮ್ಯಾಗ್ನೆಟ್ ಕ್ರೇನ್ ಕೂರಿಸಲು ಇಂಗ್ಲೆಂಡಿನಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಯಾರ್ಕ್‌ಷೈರ್ ಕಡೆಯವರು. ಬಿಸಿಲಿಗೆ ಕೆಂಪಗಾಗಿ, ದಿನಾ ಸಂಜೆ ಎರಡು ಗ್ಲಾಸ್ ಮಜ್ಜಿಗೆ ಕುಡಿದು, ಆಮೇಲೆ ದಿನದ ವರದಿ ಕಳಿಸುತ್ತಿದ್ದರು. ಒಂದು ದಿನದ ವರದಿಯ ಕೊನೆಯಲ್ಲಿ ಎರಡು ಸಾಲಿದ್ದವು: 'ಟೂ ಆಫ್ ದ ಲ್ಯಾಡ್ಸ್ ಹ್ಯಾಡ್ ಎ ಸ್ಕ್ರ್ಯಾಪ್ ಬೈ ದ ವೇಬ್ರಿಜ್. ಆಲ್ ಸಾರ್ಟೆಡ್ ನೌ.' ಪಕ್ಕದಲ್ಲಿ ಇಬ್ಬರ ಟೋಕನ್ ನಂಬರ್.

ಸಂಜೆ ಏಳು ಗಂಟೆ. ಮನೆಗೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು. ನಾನು ಒಂದೇ ಉಸಿರಿಗೆ ಟೈಪ್ ಮಾಡಿದೆ: 'ಕಾಟಾ ಹತ್ತಿರ ಇಬ್ಬರು ಹುಡುಗರ ಬಳಿ ಸ್ಕ್ರ್ಯಾಪ್ ಇತ್ತು. ಈಗ ಎಲ್ಲ ಬೇರ್ಪಡಿಸಲಾಗಿದೆ.' ಟೋಕನ್ ನಂಬರೂ ಹಾಕಿದೆ. ಸಾರ್ಟಿಂಗ್ ಅಂದರೆ ನಮ್ಮಲ್ಲಿ ಮಾಲು ಬೇರ್ಪಡಿಸುವುದು ತಾನೇ? ಸಾಲು ಪೂರ್ತಿ ಅರ್ಥವಾಯಿತು ಅಂದುಕೊಂಡೆ. ತಪ್ಪು ಓದಿಗೆ ಇಷ್ಟು ಚೆನ್ನಾಗಿ ಕೂಡಿಬಂದ ವಾಕ್ಯವನ್ನು ನಾನು ಮತ್ತೆಂದೂ ನೋಡಿಲ್ಲ.

ಕಳ್ಳತನ ಅನ್ನುವ ಪದ ನಾನು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಸ್ಕ್ರ್ಯಾಪ್ ಯಾರ್ಡಿನಲ್ಲಿ 'ಹುಡುಗರ ಬಳಿ ಸ್ಕ್ರ್ಯಾಪ್ ಇತ್ತು' ಅಂದರೆ ಬೇರೆ ಅರ್ಥ ಇಲ್ಲ.

ಮರುದಿನ ಬೆಳಗಿನ ಪಾಳಿಗೆ ಬಂದ ಇಬ್ಬರನ್ನೂ ಗೇಟಿನಲ್ಲೇ ತಡೆದರು. ಗೇಟ್ ಪಾಸ್ ಕಸಿದುಕೊಂಡರು. ಚೀಲ ಬೋರಲು ಹಾಕಿ ನೋಡಿದರು. ಒಬ್ಬನ ಬುತ್ತಿ ಬಿಚ್ಚಿಸಿ ರೊಟ್ಟಿಯ ನಡುವೆ ತಾಮ್ರದ ತಂತಿ ಇದೆಯಾ ಅಂತ ಹುಡುಕಿದರು. ಪಾಳಿ ಬದಲಾಗುವ ಹೊತ್ತು, ಒಳಗಿನವರೂ ಹೊರಗಿನವರೂ ಸೇರಿ ಇನ್ನೂರು ಮಂದಿ ನೋಡುತ್ತಿದ್ದರು. ದೊಡ್ಡವನು ಕುಕನೂರು ಕಡೆಯವನು, ಸಣ್ಣವನು ಲಿಂಗಸುಗೂರು ಕಡೆಯವನು. ಸಣ್ಣವನು ಒಂದೇ ಮಾತು ಹೇಳುತ್ತಿದ್ದನಂತೆ: "ಬಡದಾಡಿದ್ದು ಖರೇನರಿ. ಕದ್ದಿಲ್ರಿ."

ಆ ಮಾತು ಯಾರಿಗೂ ಅರ್ಥವಾಗಲಿಲ್ಲ. ಬಡಿದಾಟದ ಸುದ್ದಿಯನ್ನು ಯಾರೂ ಕೇಳೇ ಇರಲಿಲ್ಲವಲ್ಲ.

ಅವತ್ತು ಪೂರ್ತಿ, ಮರುದಿನ ಮಧ್ಯಾಹ್ನದವರೆಗೂ ಇಬ್ಬರೂ ಗೇಟಿನ ಆಚೆ ಬೇವಿನ ಗಿಡದ ಕೆಳಗೆ ಕೂತಿದ್ದರು. ದೊಡ್ಡವನ ಅಪ್ಪ ಊರಿನಿಂದ ಬಂದ. ಅವನು ಜಗಳ ತೆಗೆಯಲಿಲ್ಲ. ನನ್ನ ಟೇಬಲ್ ಮುಂದೆ ನಿಂತು, "ನಮ್ಮ ಮನಿತನಕ್ಕ ಈ ಹೆಸರು ಬಂದಿಲ್ರಿ ಸಾಹೇಬ್ರ, ಏನು ಕದ್ದಾನ ಅನ್ನೋದಾರ ಹೇಳ್ರಿ, ತುಂಬಿ ಕೊಡ್ತೀನಿ" ಅಂದ. ನಾನು 'ವಿಚಾರಣೆ ನಡೀತಿದೆ' ಅಂದೆ. ಈಗಲೂ ಆ ಮಾತು ನೆನಪಾದರೆ ಮೈ ಮುದುಡುತ್ತದೆ.

ಎಂಜಿನಿಯರ್ ಅವತ್ತು ಕ್ರೇನ್ ಹತ್ತಿ ಇಳಿದು ನೇರ ನನ್ನ ಹತ್ತಿರ ಬಂದರು. ಆ ಇಬ್ಬರು ಎಲ್ಲಿ ಅಂತ ಕೇಳಿದರು. ಸ್ಕ್ರ್ಯಾಪ್ ಕೇಸಿನಲ್ಲಿ ಹೊರಗಿದ್ದಾರೆ ಅಂದೆ. ಅಷ್ಟಕ್ಕೇ ಯಾಕೆ ಅಂದರು. ನಾನು ಕಂಪನಿ ಮಾಲು, ರೂಲ್ಸು ಅಂತ ಏನೇನೋ ಹೇಳಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಎರಡೂ ಕೈ ಮುಷ್ಟಿ ಮಾಡಿ, ಎದೆ ಮಟ್ಟಕ್ಕೆ ಎತ್ತಿ, ಗಾಳಿಗೆ ಎರಡು ಗುದ್ದು ಗುದ್ದಿದರು. 'ಸ್ಕ್ರ್ಯಾಪ್' ಅಂದರು.

ಆಗಿದ್ದು ಇಷ್ಟೇ. ಬಿಸಿಲಲ್ಲಿ ಲಾರಿ ಮೇಲೆ ಹತ್ತುವುದು ಯಾರ ಪಾಳಿ ಅನ್ನುವುದಕ್ಕೆ ಹುಡುಗರು ಎರಡೇಟು ಬಡಿದಾಡಿದ್ದರು. ಎಂಜಿನಿಯರೇ ಬಿಡಿಸಿ, ಇಬ್ಬರಿಗೂ ಚಹಾ ಕುಡಿಸಿ ಕಳಿಸಿದ್ದರು. 'ಆಲ್ ಸಾರ್ಟೆಡ್' ಅಂದರೆ ರಾಜಿ ಆಯಿತು ಅಂತ.

ಅವತ್ತು ರಾತ್ರಿ ನಾನು ನಿಘಂಟುಗಳನ್ನು ತೆಗೆದು ಕೂತೆ. ತಪ್ಪು ಮಾಡಿದವನಿಗೆ ಪುಸ್ತಕದಲ್ಲಿ ಎಲ್ಲಾದರೂ ಜಾಮೀನು ಸಿಗುತ್ತದೆಯಾ ಅಂತ ಹುಡುಕುವ ಚಟ ಇರುತ್ತದೆ.

ಮೊದಲು ನಮ್ಮ ಯಾರ್ಡಿನ ಸ್ಕ್ರ್ಯಾಪ್. ಅದು ಹಡಗಿನಲ್ಲಿ ಬಂದ ಪದ. ಒಂಬತ್ತನೇ ಶತಮಾನದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯ ಮಂದಿ ಸಮುದ್ರ ದಾಟಿ ಇಂಗ್ಲೆಂಡಿಗೆ ನುಗ್ಗಿ ನೆಲೆನಿಂತರು. 866ರಲ್ಲಿ ಯಾರ್ಕ್ ಪಟ್ಟಣ ಅವರ ಕೈಸೇರಿತು. ಅಂದರೆ ನಮ್ಮ ಎಂಜಿನಿಯರ್ ಸೀಮೆಯೇ. ಅವರ ನಾರ್ಸ್ ಭಾಷೆಯಲ್ಲಿ 'ಸ್ಕ್ರಾಪಾ' ಅಂದರೆ ಕೆರೆಯುವುದು. ಕೆರೆದಾಗ ಉದುರುವ ಚೂರುಪಾರು 'ಸ್ಕ್ರಾಪ್'. ಸ್ಕೈ, ಸ್ಕಿನ್, ಸ್ಕಿಲ್ ಕೂಡ ಅದೇ ಹಡಗಿನ ಸರಕು. ಇಂಗ್ಲಿಷರ ಸ್ವಂತ ಪದಗಳಲ್ಲಿ ಆ 'ಸ್ಕ' ಆಗಲೇ ಸವೆದು 'ಷ' ಆಗಿತ್ತು. ಹಾಗಾಗಿ ಷರ್ಟು, ಸ್ಕರ್ಟು ಒಂದೇ ಬೇರಿನವು, ಒಂದು ಮನೆಯದ್ದು, ಇನ್ನೊಂದು ಬಂದದ್ದು. ಇಂಗ್ಲಿಷಿನಲ್ಲಿ ಸ್ಕ್ರ್ಯಾಪ್ ಮೊದಲು ಕಾಣಿಸಿದ್ದು ಹದಿನಾಲ್ಕನೇ ಶತಮಾನದ ಕೊನೆಗೆ, ಊಟದ ತಟ್ಟೆಯಲ್ಲಿ ಮಿಕ್ಕ ತುಣುಕಿಗೆ. ಹಳೇ ಕಬ್ಬಿಣಕ್ಕೆ ಆ ಹೆಸರು ಬಂದದ್ದು ಎಷ್ಟೋ ಆಮೇಲೆ.

ಗುದ್ದಾಟದ ಸ್ಕ್ರ್ಯಾಪ್ ಇನ್ನೂ ಈಚಿನದು. ಆಡುಮಾತಿನಲ್ಲಿ 1840ರ ದಶಕದಿಂದ ಕಾಣುತ್ತದೆ. ಎಲ್ಲಿಂದ ಬಂತು ಅನ್ನುವುದರಲ್ಲಿ ಪಂಡಿತರಲ್ಲೇ ಒಮ್ಮತ ಇಲ್ಲ. ಹದಿನೇಳನೇ ಶತಮಾನದ ಕೊನೆಯಲ್ಲಿ ಸ್ಕ್ರ್ಯಾಪ್ ಅಂದರೆ ಕಿಡಿಗೇಡಿ ಸಂಚು ಅನ್ನುವ ಅರ್ಥ ಇತ್ತು, ಅಲ್ಲಿಂದ ಬಂದಿರಬೇಕು ಅಂತ ಒಂದು ಗುಂಪು. ಇದನ್ನು ಓದಿ ಒಂದು ಗಳಿಗೆ ಖುಷಿಪಟ್ಟೆ. ನೋಡು, ಪದದ ಒಳಗೇ ಕಳ್ಳತನದ ವಾಸನೆ ಇದೆ, ನಾನು ಪೂರ್ತಿ ತಪ್ಪಲ್ಲ ಅಂತ! ಮರುಗಳಿಗೆಗೆ ಬುತ್ತಿ ನೆನಪಾಯಿತು. ಸುಮ್ಮನಾದೆ.

ಇನ್ನೊಂದು ಗುಂಪು, ಇದೂ 'ಕೆರೆಯುವುದು' ಅನ್ನುವ ಅರ್ಥದ ಸ್ಕ್ರೇಪ್‌ನ ರೂಪವೇ ಇರಬಹುದು ಅನ್ನುತ್ತದೆ. ಮೈಗೆ ಮೈ ತಿಕ್ಕಿ ತರಚಿಕೊಳ್ಳುವುದು. ಇದು ನನಗೆ ಥಟ್ಟನೆ ಹಿಡಿಸಿತು. ಯಾಕಂದರೆ ಕನ್ನಡದಲ್ಲಿ ಜಗಳಕ್ಕೆ ಬರುವವನು ಏನು ಮಾಡುತ್ತಾನೆ? ಕಾಲು ಕೆರೆಯುತ್ತಾನೆ! ಕೆರೆಯುವುದಕ್ಕೂ ಜಗಳಕ್ಕೂ ನಮ್ಮಲ್ಲಿ ಎಂದೋ ನಂಟಾಗಿದೆ. ತಿಕ್ಕಾಟ ಅನ್ನುವ ಪದವೇ ಇದೆ. ಆ ಜಾಡು ಹಿಡಿದು ಹೋದರೆ ಇನ್ನೂ ಮಜಾ ಇದೆ. ಕೈಕೈ ಮಿಲಾಯಿಸುವುದಕ್ಕೆ ಇರುವ ಸ್ಕಫಲ್ ಅನ್ನುವ ಇಂಗ್ಲಿಷ್ ಪದವನ್ನು ಸ್ವೀಡನ್ ಕಡೆಯ 'ತಳ್ಳು' ಅನ್ನುವ ಪದಕ್ಕೆ ಹೊಂದಿಸುತ್ತಾರೆ. ನಮ್ಮ ತಳ್ಳಾಟ. ಫೈಟ್ ಪದವನ್ನೇ ಕೆಲವರು ಕೂದಲು, ಉಣ್ಣೆ ಕೀಳುವುದು ಅನ್ನುವ ಬಹಳ ಹಳೆಯ ಬೇರಿಗೆ ಜೋಡಿಸುತ್ತಾರೆ. ಕೀಳುವುದರಿಂದ ಬಂದದ್ದು ನಮ್ಮ ಕಿತ್ತಾಟ. ಹೊಡೆದಾಟ, ಬಡಿದಾಟ, ಗುದ್ದಾಟ, ಎಳೆದಾಟ: ಕೈ ಏನು ಮಾಡಿತು ಅನ್ನುವುದನ್ನು ಹೇಳಿ, ಬಾಲಕ್ಕೆ ಒಂದು 'ಆಟ' ಅಂಟಿಸಿಬಿಡುತ್ತೇವೆ. ಇಷ್ಟೆಲ್ಲ ಪದ ಕೈಯಲ್ಲಿದ್ದೂ ನಾನು 'ಸ್ಕ್ರ್ಯಾಪ್' ಅನ್ನು ಹಾಗೇ ಬಿಟ್ಟು ಕಳಿಸಿದ್ದೆ. ಕನ್ನಡಕ್ಕೆ ಇಳಿಸಬೇಕಾದ ಒಂದೇ ಪದವನ್ನು ಇಳಿಸಿರಲಿಲ್ಲ.

ನಿಜ ಹೇಳಬೇಕಂದರೆ ಉತ್ತರ ಆ ಸಾಲಿನಲ್ಲೇ ಇತ್ತು. 'ಹ್ಯಾಡ್ ಎ ಸ್ಕ್ರ್ಯಾಪ್'. ನಡುವಿನ ಆ 'ಎ'. ಹಳೇ ಕಬ್ಬಿಣವನ್ನು ಇಂಗ್ಲಿಷಿನಲ್ಲಿ ಒಂದು, ಎರಡು ಅಂತ ಎಣಿಸುವುದಿಲ್ಲ, ಮರಳು ನೀರಿನ ಹಾಗೆ. ಅದರ ಹಿಂದೆ 'ಎ' ಬರುವುದಿಲ್ಲ. 'ಎ' ಬಂದರೆ ಅದು ಒಂದು ಚೂರು, ಇಲ್ಲವೇ ಒಂದು ಗುದ್ದಾಟ. ಕನ್ನಡದಲ್ಲಿ ಅಂಥ 'ಎ' ಇಲ್ಲ. ಇಂಗ್ಲಿಷ್ ಓದುವಾಗ ನಮ್ಮ ಕಣ್ಣು ಅದನ್ನು ಕಲ್ಲಿನ ಹಾಗೆ ಹಾರಿಸಿಕೊಂಡು ಹೋಗುತ್ತದೆ. ಇಬ್ಬರ ಒಂದೂವರೆ ದಿನದ ಹಾಜರಿ ಆ ಒಂದಕ್ಷರದಲ್ಲಿ ಹೋಯಿತು.

ಗೇಟಿನ ಬೋರ್ಡಿನಲ್ಲಿ ಶಿಸ್ತಿನ ಪಟ್ಟಿ ಅಂಟಿಸಿದ್ದರು. ಕಂಪನಿ ಮಾಲು ಕದಿಯುವುದೂ, ಕೆಲಸದ ವೇಳೆ ಗಲಾಟೆ ಮಾಡುವುದೂ ಅದರಲ್ಲಿ ಬೇರೆ ಬೇರೆ ಸಾಲು. ಎರಡೂ ತಪ್ಪೇ. ಆದರೆ ಬಡಿದಾಡಿದವನು ಮರುದಿನ ತಲೆ ಎತ್ತಿ ಬರುತ್ತಾನೆ. ಕಳ್ಳ ಅನ್ನಿಸಿಕೊಂಡವನು ಬರುವುದಿಲ್ಲ. ಇದು ಬೋರ್ಡಿನಲ್ಲಿ ಇರಲಿಲ್ಲ.

ಸರಿಪಡಿಸುವುದು ಅಂದುಕೊಂಡಷ್ಟು ಸುಲಭ ಆಗಲಿಲ್ಲ. ಗ್ರೂಪಿಗೆ 'ತಪ್ಪು ಅನುವಾದ, ಕ್ಷಮಿಸಿ' ಅಂತ ಹಾಕಿದೆ. ಒಬ್ಬರು ಹೆಬ್ಬೆರಳು ಒತ್ತಿದರು, ಅಷ್ಟೇ. ಮೊದಲ ಸುದ್ದಿ ಆಗಲೇ ನಾಲ್ಕು ಗ್ರೂಪ್ ದಾಟಿ ಅವರ ಊರು ಮುಟ್ಟಿತ್ತು. ಕೊನೆಗೆ ಪಾಳಿ ಬದಲಾಗುವ ಹೊತ್ತಿಗೆ ಅದೇ ಗೇಟಿನಲ್ಲಿ ನಿಂತು ಜೋರಾಗಿ ಹೇಳಿದೆ: ಇವರು ಕದ್ದಿಲ್ಲ, ನಾನು ಓದಿದ್ದು ತಪ್ಪು. ಧ್ವನಿ ನಡುಗಿತು. ಹಿಂದಿನಿಂದ ಯಾರೋ "ಇಂಗ್ಲಿಷ್ ಸರ್‍ಗೆ ಇಂಗ್ಲಿಷ್ ಬರಂಗಿಲ್ಲಂತೋ" ಅಂದರು. ಎಲ್ಲರೂ ನಕ್ಕರು. ನಕ್ಕದ್ದು ಒಳ್ಳೆಯದೇ ಆಯಿತು. ನನ್ನ ಮೇಲೆ ನಕ್ಕರೆ ಹುಡುಗರ ಮೇಲಿಂದ ಕಣ್ಣು ತೆಗೆದ ಹಾಗೆ.

ಗುತ್ತಿಗೆದಾರ ಒಂದು ದಿನದ ಕೂಲಿ ಕೊಟ್ಟ, ಅರ್ಧ ದಿನದ್ದು ಕೊಡಲಿಲ್ಲ. ಅದನ್ನು ನಾನು ಕೊಡಲು ಹೋದೆ. ಇಬ್ಬರೂ ತೆಗೆದುಕೊಳ್ಳಲಿಲ್ಲ. ಅವರಿಬ್ಬರ ಜಗಳ ಒಂದು ಚಹಾಕ್ಕೆ ಮುಗಿದಿತ್ತು. ಈಗ ಇಬ್ಬರೂ ಒಟ್ಟಾಗಿ ನನ್ನ ಜೊತೆ ಮಾತು ಬಿಟ್ಟರು.

ಅದಾದ ಮೇಲೆ ನನ್ನ ಕೆಲಸದಲ್ಲಿ ಎರಡು ಬದಲಾವಣೆ ಆದವು. ಮೇಲ್‌ನಲ್ಲಿ ಯಾರದ್ದಾದರೂ ಟೋಕನ್ ನಂಬರ್ ಇದ್ದರೆ ಬರೆದವರಿಗೆ ಫೋನ್ ಮಾಡಿ ಕೇಳದೆ ಗ್ರೂಪಿಗೆ ಹಾಕುತ್ತಿರಲಿಲ್ಲ. ಬಸ್ಸು ತಪ್ಪಿದರೆ ತಪ್ಪಲಿ. ಮತ್ತೆ, ನಾನು ದಿನಾ ಬಳಸುವ ಪದ ಕಂಡರೇ ನನಗೆ ಗುಮಾನಿ. ಗೊತ್ತಿಲ್ಲದ ಪದಕ್ಕೆ ನಿಘಂಟು ನೋಡುತ್ತೇವೆ, ಗೊತ್ತಿರುವುದಕ್ಕೆ ಯಾರು ನೋಡುತ್ತಾರೆ? ಎಂಜಿನಿಯರ್ ಹೊರಡುವ ವಾರ ಒಬ್ಬ ಹುಡುಗನ ಬಗ್ಗೆ 'ಸ್ಕ್ರ್ಯಾಪಿ' ಅಂತ ಬರೆದಿದ್ದರು. ಆ ಪದಕ್ಕೆ ಅರೆಬರೆ, ಚೂರುಚೂರು ಅಂತಲೂ ಅರ್ಥ ಇದೆ. ಸುಲಭಕ್ಕೆ ಸೋಲೊಪ್ಪದ ಗಟ್ಟಿಗ ಅಂತಲೂ ಇದೆ. ಓಡಿ ಹೋಗಿ ಕೇಳಿದೆ. ಹೊಗಳಿಕೆಯೇ ಅಂದರು. ಈ ಸಲ ಮುಷ್ಟಿ ಎತ್ತಲಿಲ್ಲ, ನಕ್ಕರು.

ಎರಡು ಅರ್ಥಗಳೂ ಕೂಡಿಕೊಂಡ ಪ್ರಸಂಗಗಳೂ ಇವೆ. 1914ರಲ್ಲಿ ಬೆಲ್ಜಿಯಂ ತಟಸ್ಥ ಅಂತ ಮಾತು ಕೊಟ್ಟಿದ್ದ 1839ರ ಒಪ್ಪಂದವನ್ನು ಜರ್ಮನಿಯ ಚಾನ್ಸಲರ್ ಬೆತ್‌ಮನ್ ಹಾಲ್ವೆಗ್ ಒಂದು 'ಸ್ಕ್ರ್ಯಾಪ್' ಕಾಗದ ಅಂದುಬಿಟ್ಟ ಅಂತ ಬ್ರಿಟನ್ನಿನ ರಾಯಭಾರಿ ವರದಿ ಮಾಡಿದ. ಆ ಚೂರು ಕಾಗದದ ಮಾತು ಬ್ರಿಟನ್ನಿನಲ್ಲಿ ಯುದ್ಧಕಾಲದ ಘೋಷವಾಕ್ಯವೇ ಆಗಿಹೋಯಿತು. ನಮ್ಮ ಕಸುಬಿನಲ್ಲೇ ಹೇಳಬೇಕಂದರೆ, 2004ರಲ್ಲಿ ಘಾಜಿಯಾಬಾದ್ ಕಡೆಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಹೊರದೇಶದ ಸ್ಕ್ರ್ಯಾಪ್ ಜೊತೆ ಬಂದಿದ್ದ ಶೆಲ್‌ಗಳು ಸಿಡಿದು ಕಾರ್ಮಿಕರು ಸತ್ತರು. ಎಲ್ಲೋ ಆದ ಬಡಿದಾಟದ ಚೂರು, ಇಲ್ಲಿ ಲಾರಿಯಿಂದ ಇಳಿಸುವವನ ಕೈಗೆ. ಆ ಸುದ್ದಿ ನೆನಪಾದಾಗಲೆಲ್ಲ ನಮ್ಮ ಯಾರ್ಡಿನ ಗುಡ್ಡೆಯನ್ನು ಇನ್ನೊಂದು ಸಲ ನೋಡುತ್ತಿದ್ದೆ.

ಮೂರು ತಿಂಗಳಾದ ಮೇಲೆ, ಮಳೆ ಹಿಡಿದ ಒಂದು ಸಂಜೆ, ಲಿಂಗಸುಗೂರಿನ ಹುಡುಗ ನನ್ನ ಟೇಬಲ್ ಹತ್ತಿರ ಬಂದ. ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಬಂದ ಪತ್ರ ಕೈಯಲ್ಲಿತ್ತು. ಮಡಿಕೆ ಬಿಚ್ಚಿ ನನ್ನ ಮುಂದಿಟ್ಟ.

"ಏನ್ ಬರದಾರ ನೋಡ್ರಿ ಸರ" ಅಂದ. ಒಂದು ಕ್ಷಣ ತಡೆದು, "ಎರಡ್ ಸಲ ಓದ್ರಿ ಮತ್ತ" ಅಂದ.

ಓದಿದೆ. ಅವನು ಕುರ್ಚಿ ಎಳೆದುಕೊಂಡು ಕೂತ.