ಸಿಳ್ಳೆ ಕೇಳಿದ ಕೂಡಲೇ ಸ್ವಿಚ್ ಆಫ್ ಮಾಡಬೇಕಿತ್ತು

1991. ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಕನ್ನಡ ರಸೀದಿಯ ಪ್ರೋಗ್ರಾಂ ಬರೆಯುತ್ತಿದ್ದೆ. ಪರದೆಗೆ ಚಿತ್ರ ಕಳಿಸುವ ಹರ್ಕ್ಯುಲಿಸ್ ಕಾರ್ಡಿನ ಟೆಕ್ಸ್ಟ್ ಮೋಡಿನಲ್ಲಿ ಅದರೊಳಗೇ ಇದ್ದ ಅಕ್ಷರ ಬಿಟ್ಟರೆ ಬೇರೆ ಗತಿಯಿಲ್ಲ, ಅವುಗಳಲ್ಲಿ ಕನ್ನಡ ಇರಲಿಲ್ಲ. ‘ಕ’ ಮೂಡಬೇಕೆಂದರೆ ಗ್ರಾಫಿಕ್ಸ್‌ಗೇ ಹೋಗಬೇಕು, ಅಂದರೆ ಕಾರ್ಡಿನಲ್ಲಿ ಪರದೆಯ ಸಾಲುಗಳ ಅಳತೆ ನೋಡಿಕೊಳ್ಳುವ 6845 ಚಿಪ್ಪಿನ ರಿಜಿಸ್ಟರುಗಳಲ್ಲಿ ಅಂಕಿಗಳನ್ನು ನಾವೇ ತುಂಬಬೇಕು.

ಅವತ್ತು ಚಿತ್ರ ನಿಲ್ಲುತ್ತಿರಲಿಲ್ಲ. ಡಿಬಗ್ಗರ್ ಹಾಕಿ ಒಂದೊಂದೇ ಸಾಲು ನಡೆಸಿದೆ. ಕಾರ್ಡಿನ 3ಬಿ8 ಪೋರ್ಟಿಗೆ ಗ್ರಾಫಿಕ್ಸ್ ಬಿಟ್, ಅಂದರೆ ಗ್ರಾಫಿಕ್ಸ್‌ಗೆ ಬದಲಾಗು ಎಂಬ ಸೂಚನೆ, ಹೋಯಿತು. ರಿಜಿಸ್ಟರ್ ತುಂಬುವ ಸಾಲುಗಳು ಇನ್ನೂ ಕೆಳಗಿದ್ದವು. ಪರದೆ ತುಂಬ ಓರೆ ಗೀರು, ಮಾನಿಟರಿನಿಂದ ಕಿವಿ ಕೊರೆಯುವ ಸಿಳ್ಳೆ. ನಾನು ಪ್ರೋಗ್ರಾಂನ ಲಿಸ್ಟಿಂಗ್ ಹರಡಿಕೊಂಡು ತಪ್ಪು ಹುಡುಕುತ್ತಾ ಕೂತೆ.

“ಅದ್ಯಾಕೆ ಹಂಗೆ ಕಿರುಚ್ತಿದೆ? ಆಫ್ ಮಾಡೋ,” ಅಂದಳು ಪಕ್ಕದ ಸಹೋದ್ಯೋಗಿ.

“ಸಾಫ್ಟ್‌ವೇರ್‌ನಿಂದ ಹಾರ್ಡ್‌ವೇರ್ ಸುಡಲ್ಲ ಕಣೇ,” ಅಂದೆ. ನಿಜಕ್ಕೂ ಹಾಗೇ ನಂಬಿದ್ದೆ.

ಐದು ನಿಮಿಷ ಕಳೆದಿರಬೇಕು. ಟಪ್ ಅಂತ ಸದ್ದು. ಪರದೆ ಕಪ್ಪಾಯಿತು. ಹಿಂದಿನ ಕಿಂಡಿಗಳಿಂದ ಸುಟ್ಟ ವಾಸನೆ ಮೇಜಿನವರೆಗೂ ಬಂತು.

ಸರ್ವಿಸ್‌ನವರು ಬಿಚ್ಚಿ ನೋಡಿದರು: ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್, ಅಂದರೆ ಪರದೆಯ ಒಂದೊಂದು ಸಾಲನ್ನೂ ಅಡ್ಡಕ್ಕೆ ಎಳೆಸುವ ಭಾಗ, ಶಾರ್ಟ್. ಆ ಮಾನಿಟರಿಗೆ ಸಾಲಿನ ವೇಗ ಕಾಯುವ ಸ್ವಂತ ಆಸಿಲೇಟರ್ ಇರಲಿಲ್ಲ. 1981ರಲ್ಲಿ ಐಬಿಎಂ ಪಿಸಿ ಜೊತೆ ಬಂದ 5151 ಕೂಡ ಇದೇ ಜಾತಿಯದು, ಕಾರ್ಡ್ ಕೊಟ್ಟ ಸಿಂಕ್ (ಸಾಲು ಶುರು ಮಾಡುವ ಸಂಕೇತ) ಹೇಗೋ ಹಾಗೆ ಕುಣಿಯುತ್ತದೆ.

ರಾತ್ರಿ ಕೂತು ಲೆಕ್ಕ ಹಾಕಿದೆ. ಕಾರ್ಡಿನ ಗಡಿಯಾರ ಸೆಕೆಂಡಿಗೆ 16.257 ಮೆಗಾಹರ್ಟ್ಸ್, ಅಂದರೆ ಅಷ್ಟು ದಶಲಕ್ಷ ಚುಕ್ಕೆ. ಟೆಕ್ಸ್ಟ್‌ನಲ್ಲಿ ಪರದೆಯ ಒಂದು ಸಾಲಿಗೆ 98 ಅಕ್ಷರದ ಅವಧಿ, ತಲಾ 9 ಚುಕ್ಕೆ: ಸೆಕೆಂಡಿಗೆ 18,432 ಸಾಲು. ಗ್ರಾಫಿಕ್ಸ್ ಬಿಟ್ ಬಿದ್ದ ತಕ್ಷಣ 9 ಹೋಗಿ 16 ಆಗುತ್ತದೆ, ರಿಜಿಸ್ಟರ್ ಇನ್ನೂ ತುಂಬಿಲ್ಲವಾದ್ದರಿಂದ 98 ಹಾಗೇ ಉಳಿಯುತ್ತದೆ. ಸಾಲು 10,368ಕ್ಕೆ ಇಳಿಯಿತು. ಪ್ರತಿ ಸಾಲಿಗೂ ಟ್ರಾನ್ಸಿಸ್ಟರ್ ಹೆಚ್ಚು ಹೊತ್ತು ಆನ್ ಆಗಿದ್ದು, ಸುರುಳಿಯಲ್ಲಿ ಕರೆಂಟ್ ಏರುತ್ತಲೇ ಹೋಗಿದೆ. 18 ಸಾವಿರ ನಮ್ಮಲ್ಲಿ ಹೆಚ್ಚಿನವರಿಗೆ ಕೇಳಿಸುವುದಿಲ್ಲ, 10 ಸಾವಿರ ಚೆನ್ನಾಗಿ ಕೇಳುತ್ತದೆ. ಅವಳ ಕಿವಿಗೆ ಬಿದ್ದದ್ದು ಅದೇ ಅಂಕಿ.

ಪ್ರೋಗ್ರಾಂ ಪೂರ್ತಿ ಓಡಿದ್ದರೆ ಬಿಟ್ ಬಿದ್ದು ರಿಜಿಸ್ಟರ್ ತುಂಬುವವರೆಗಿನ ಈ ಅಂತರ ಕಣ್ಣು ಮಿಟುಕಿಸುವಷ್ಟೂ ಇರುತ್ತಿರಲಿಲ್ಲ. ನಾನು ಸರಿಯಾಗಿ ಅಲ್ಲೇ ತಡೆದು ನಿಲ್ಲಿಸಿದ್ದೆ. ಇಬ್ಬರಿಗೆ ಒಂದೇ ಮಾನಿಟರ್ ಕೊಟ್ಟ ಮ್ಯಾನೇಜರ್ ಮೇಲೆ ಈಗಲೂ ಸಿಟ್ಟಿದೆ. ಎರಡನೆಯದಿದ್ದಿದ್ದರೆ ಡಿಬಗ್ಗರ್ ಅದರಲ್ಲಿರುತ್ತಿತ್ತು, ಮುಂದಿನ ಸಾಲು ಕಾಣುತ್ತಿತ್ತು. ಆದರೂ ಸ್ವಿಚ್ ನನ್ನ ಕೈಗೇ ಎಟುಕುತ್ತಿತ್ತು.

ವರ್ಷಗಳ ಮೇಲೆ ಲಿನಕ್ಸ್‌ನ ಪರದೆಯ ಸೆಟ್ಟಿಂಗ್ ಇಡುವ ಎಕ್ಸ್ಎಫ್86 ಕಾನ್ಫಿಗ್ ಫೈಲಿನಲ್ಲಿ, ಮಾನಿಟರ್ ಸೆಕೆಂಡಿಗೆ ಎಷ್ಟು ಸಾಲು ತಾಳುತ್ತದೆ ಎಂದು ಹೇಳುವ ಹಾರಿಜ್‌ಸಿಂಕ್ ಸಾಲು ತುಂಬುವಾಗ ಮೊದಲು ಮಾನಿಟರಿನ ಮ್ಯಾನ್ಯುಯಲ್ ತೆಗೆದೆ. ಎಂಟರ್ ಒತ್ತಿದ್ದು ಬಲಗೈ, ಎಡಗೈ ಪವರ್ ಬಟನ್ ಮೇಲಿತ್ತು.