ಮಾವನ ದನಿ, ಅಳಿಯನ ಬೀಟ್

ನನ್ನ ಅಕ್ಕನ ಮಗ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಾನೆ. ಬನಶಂಕರಿಯ ಅವರ ಮನೆಯ ಮಹಡಿ ಮೇಲೆ ಅವನ ರೂಮು. ಒಂದು ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್, ಚಿಕ್ಕದೊಂದು ಕೀಬೋರ್ಡ್, ಎರಡು ಸ್ಪೀಕರ್. ಸ್ಟುಡಿಯೋ ಅಂದರೆ ಇಷ್ಟೇ. ನಾನು ತೊಂಬತ್ತರ ದಶಕದ ಬೆಂಗಳೂರಿನ ಕಾಲೇಜು ಫೆಸ್ಟ್‌ಗಳಲ್ಲಿ ರಾಕ್ ಹಾಡಿ ಬೆಳೆದವನು. ಹಳೇ ಗೆಳೆಯರು ಈಗಲೂ ಆಗಾಗ ಸೇರುತ್ತೇವೆ. ಗಿಟಾರ್, ಡ್ರಮ್ಸ್, ಜೋರು ದನಿ, ಒಂದಿಷ್ಟು ಬೆವರು. ನನ್ನ ಪಾಲಿಗೆ ಸಂಗೀತ ಅಂದರೆ ಅದು.

ಹೋದ ವರ್ಷ ಅವನು ಒಂದು ದಿನ, "ಮಾವ, ನನ್ನದೊಂದು ಡ್ಯಾನ್ಸ್ ಟ್ರ್ಯಾಕ್ ಇದೆ, ನೀನು ಹಾಡ್ಬೇಕು" ಅಂದ. ನಾನು "ಹಾಡು ಎಲ್ಲಿದೆ, ಕಳಿಸು" ಅಂದೆ. ಕಳಿಸಿದ ಫೈಲಿನಲ್ಲಿ ಹಾಡೇ ಇರಲಿಲ್ಲ. ಕಿಕ್ ಡ್ರಮ್ಮು ಒಂದೇ ಸಮ ಹೊಡೆಯುತ್ತಿತ್ತು. ಕೆಳಗೆ ಬೇಸ್, ಮೇಲೆ ಗುಂಯ್‌ಗುಡುವ ಒಂದು ಸಿಂಥ್, ಅಂದರೆ ಸಿಂಥಸೈಸರ್ ಸದ್ದು. ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾಗುವುದೇ ಇಲ್ಲ. ಪಲ್ಲವಿ ಇಲ್ಲ, ಚರಣ ಇಲ್ಲ. ಫೋನ್ ಮಾಡಿ ಕೇಳಿದರೆ, "ನೀನು ಬಂದ್ಮೇಲೆ ಹಾಡು ಆಗುತ್ತೆ" ಅಂದ.

ಆಗ ನನಗೆ ನೆನಪಾಗಿದ್ದು 'ಸೆಟಿಂಗ್ ಸನ್'. ಇಂಗ್ಲೆಂಡಿನ ಡ್ಯಾನ್ಸ್ ಸಂಗೀತದ ಜೋಡಿ ಕೆಮಿಕಲ್ ಬ್ರದರ್ಸ್ ಮಾಡಿದ್ದು, ಹಾಡಿದ್ದು ಓಯಾಸಿಸ್ ರಾಕ್ ಬ್ಯಾಂಡಿನ ನೋಯೆಲ್ ಗ್ಯಾಲಗರ್. 1996ರಲ್ಲಿ ಬಂದ ಹಾಡು. ರಾಕ್ ಕೇಳುವವರು ಮತ್ತು ಡ್ಯಾನ್ಸ್ ಸಂಗೀತ ಕೇಳುವವರು ಬೇರೆ ಬೇರೆ ಜಾತಿಯವರ ಹಾಗೆ ಇದ್ದ ಕಾಲ ಅದು. ನಾನಂತೂ ರಾಕ್ ಕಡೆಯವನು. ಡ್ರಮ್ಮರ್ ಇಲ್ಲದ ಸಂಗೀತ ಸಂಗೀತವೇ ಅಲ್ಲ ಅಂತ ನಂಬಿದ್ದೆ. ಗೆಳೆಯನೊಬ್ಬನ ಕ್ಯಾಸೆಟ್‌ನಲ್ಲಿ ಆ ಹಾಡು ಕೇಳಿದ ದಿನ ಆ ನಂಬಿಕೆ ಸಡಿಲವಾಯಿತು. ಸೈರನ್ ತರಹದ ಕೂಗು, ಒಡೆದು ಬೀಳುತ್ತಿರುವಂಥ ಡ್ರಮ್ಸ್, ಅದರ ಮಧ್ಯೆ ಎಲ್ಲಿಂದಲೋ ಬರುವ ನೋಯೆಲ್ ದನಿ. ನನಗೆ ಗೊತ್ತಿದ್ದ ದನಿಯೇ, ಆದರೆ ಹೀಗೆ ಕೇಳಿರಲಿಲ್ಲ.

ಅಳಿಯನಿಗೆ ಆ ಕತೆಯನ್ನು ಪೂರ್ತಿ ಹೇಳಬೇಕಾಯಿತು. ಕೆಮಿಕಲ್ ಬ್ರದರ್ಸ್ ಅಂದರೆ ಟಾಮ್ ರೋಲಂಡ್ಸ್ ಮತ್ತು ಎಡ್ ಸೈಮನ್ಸ್, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಜೊತೆಯಾದವರು. 1995ರಲ್ಲಿ ಅವರ ಮೊದಲ ಆಲ್ಬಂ ಬಂತು. ಅದರಲ್ಲಿ 'ಲೈಫ್ ಈಸ್ ಸ್ವೀಟ್' ಅನ್ನೋ ಹಾಡನ್ನು ಶಾರ್ಲಟನ್ಸ್ ಬ್ಯಾಂಡಿನ ಟಿಮ್ ಬರ್ಜೆಸ್ ಹಾಡಿದ್ದ. ಅದನ್ನು ಕೇಳಿದ ನೋಯೆಲ್, ನನಗೂ ಹಾಡಬೇಕು ಅಂತ ತಾನೇ ಕೇಳಿಕೊಂಡ. ಆಗ ಓಯಾಸಿಸ್ ಇಂಗ್ಲೆಂಡಿನ ಅತಿ ದೊಡ್ಡ ಬ್ಯಾಂಡ್. 1996ರ ಆಗಸ್ಟ್‌ನಲ್ಲಿ ನೆಬ್‌ವರ್ತ್ ಮೈದಾನದಲ್ಲಿ ಎರಡು ರಾತ್ರಿಗೆ ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರು. ಅಂಥವನು ಹೋಗಿ ಇಬ್ಬರು ಡಿಜೆಗಳ ಹಾಡಿನಲ್ಲಿ ದನಿ ಕೊಟ್ಟ. ಇನ್ನೊಂದು ವಿಷಯ. ಓಯಾಸಿಸ್‌ನ ಮುಖ್ಯ ಗಾಯಕ ಅವನಲ್ಲ, ಅವನ ತಮ್ಮ ಲಿಯಮ್. ನೋಯೆಲ್ ಹಾಡು ಕಟ್ಟುವವನು, ಗಿಟಾರ್ ಹಿಡಿದು ಪಕ್ಕದಲ್ಲಿ ನಿಲ್ಲುವವನು. ಅದಕ್ಕೇ ಇರಬೇಕು, ಆ ಹಾಡಿನಲ್ಲಿ ಮಿಕ್ಕ ಸದ್ದುಗಳ ನಡುವೆ ಒಂದು ಸದ್ದಾಗಿ ನಿಲ್ಲೋದು ಅವನಿಗೆ ಕಷ್ಟವಾಗಲಿಲ್ಲ ಅಂತ ನನಗನ್ನಿಸುತ್ತದೆ.

ಅಷ್ಟು ಗದ್ದಲದ ಹಾಡು ಬಿಡುಗಡೆಯಾದ ವಾರವೇ ಬ್ರಿಟನ್ನಿನಲ್ಲಿ ನಂಬರ್ 1 ಆಯಿತು. ಇವತ್ತಿಗೂ ನನಗೆ ಆಶ್ಚರ್ಯ.

ಅಳಿಯನಿಗೆ ಹಾಡು ಹಿಡಿಸಿತು. ಆದರೆ ಅವನ ಇಷ್ಟ ಬೇರೆ. 2013ರಲ್ಲಿ ಬಂದ 'ಸ್ಟೇ ದ ನೈಟ್'. ಅದರ ಪ್ರೊಡ್ಯೂಸರ್, ಅಂದರೆ ಸಂಗೀತ ಕಟ್ಟಿದವನು, ಜೆಡ್. ಹಾಡಿದವಳು ಪ್ಯಾರಮೋರ್ ರಾಕ್ ಬ್ಯಾಂಡಿನ ಹೇಲಿ ವಿಲಿಯಮ್ಸ್. ಜೆಡ್ ಹುಟ್ಟಿದ್ದು ರಷ್ಯಾದಲ್ಲಿ, ಬೆಳೆದಿದ್ದು ಜರ್ಮನಿಯಲ್ಲಿ. ಮೊದಲು ಡಯೋರಾಮಿಕ್ ಅನ್ನೋ ಬ್ಯಾಂಡಿನಲ್ಲಿ ಡ್ರಮ್ಮರ್ ಆಗಿದ್ದವನು. ಅಳಿಯ ಎರಡೂ ಹಾಡನ್ನು ಒಂದರ ಹಿಂದೆ ಒಂದು ಹಾಕಿದ. ಹೇಲಿಯ ದನಿ ಎಲ್ಲಕ್ಕಿಂತ ಮೇಲೆ, ಸ್ವಚ್ಛವಾಗಿ ಕೂತಿದೆ. ಬೀಟ್ ಅವಳಿಗೆ ಜಾಗ ಬಿಟ್ಟು ಕೊಟ್ಟು, ಅವಳು ನಿಲ್ಲಿಸಿದ ಮೇಲೆ ಸ್ಫೋಟಿಸುತ್ತದೆ. ಒಬ್ಬರಾದ ಮೇಲೆ ಒಬ್ಬರು. 'ಸೆಟಿಂಗ್ ಸನ್'ನಲ್ಲಿ ಹಾಗಲ್ಲ. ನೋಯೆಲ್ ಮತ್ತು ಯಂತ್ರಗಳು ಒಂದೇ ಉಸಿರಿನಲ್ಲಿ ಕೂಗುತ್ತವೆ. ಹೇಲಿ ಹಾಡಿದ್ದು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಜೊತೆಗೂಡುವುದು ಅಂದರೆ ನೋಯೆಲ್ ಮಾಡಿದ ತರಹ ಇರಬೇಕು ಅಂತಲೇ ನನ್ನ ವಾದ. ಗಾಯಕ ತನ್ನ ಗಾದಿ ಬಿಟ್ಟು ಇಳಿಯಬೇಕು. ಇಲ್ಲದಿದ್ದರೆ ಅದು ಬರೀ ಹೆಸರು ಅಂಟಿಸಿದ ಹಾಗೆ, ಅಲ್ವಾ?

ಒಂದು ಭಾನುವಾರ ರೆಕಾರ್ಡಿಂಗಿಗೆ ಕೂತೆವು.

ಗೋಡೆಗೆ ಎರಡು ದಪ್ಪ ರಜಾಯಿ ನೇತು ಹಾಕಿದ್ದ, ದನಿ ಗೋಡೆಗೆ ಬಡಿದು ವಾಪಸ್ ಬರದಿರಲಿ ಅಂತ. ಫ್ಯಾನ್ ಬಂದ್. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿನ ಮುಂದೆ ನನ್ನನ್ನು ನಿಲ್ಲಿಸಿದ. ಹೆಡ್‌ಫೋನ್ ಹಾಕಿಕೊಂಡು ಒಂದು ಸಾಲು ಹಾಡಿದೆ. ಏನೋ ಸರಿಯಿಲ್ಲ. ನಾನು ಹಾಡಿದ್ದು ಕೂದಲೆಳೆಯಷ್ಟು ತಡವಾಗಿ ನನ್ನ ಕಿವಿಗೆ ಬರುತ್ತಿತ್ತು. ಹೇಳಿದೆ. ಅವನು ಸ್ಕ್ರೀನ್ ನೋಡಿ, "ಬಫರ್ 512ರಲ್ಲಿದೆ" ಅಂತ 128ಕ್ಕೆ ಇಳಿಸಿದ. ಲ್ಯಾಪ್‌ಟಾಪ್ ದನಿಯನ್ನು ಎಷ್ಟು ದೊಡ್ಡ ತುಂಡಾಗಿ ಹಿಡಿದು ಕಳಿಸುತ್ತದೆ ಅನ್ನೋ ಲೆಕ್ಕ ಅದು, ತುಂಡು ದೊಡ್ಡದಾದಷ್ಟೂ ತಡ. ದನಿ ನನ್ನ ಬಾಯಿಗೆ ವಾಪಸ್ ಬಂತು. ಸೆಕೆಂಡಿನ ನೂರನೇ ಒಂದು ಭಾಗದ ತಡ ಗಂಟಲಿಗೆ ಗೊತ್ತಾಗುತ್ತದೆ ಅನ್ನೋದು ನನಗೆ ಅವತ್ತೇ ತಿಳಿದಿದ್ದು.

ಅಷ್ಟರಲ್ಲಿ ಬೀದಿಯಲ್ಲಿ ತರಕಾರಿ ಗಾಡಿ ಬಂತು. ಅದರ ಮೈಕಿನಲ್ಲಿ ಟೊಮೇಟೊ, ಈರುಳ್ಳಿ ರೇಟು. ಕಂಡೆನ್ಸರ್ ಮೈಕು ಅದನ್ನೂ ಹಿಡಿದಿತ್ತು. ನಾನು ಬ್ಯಾಗಿನಿಂದ ನನ್ನ ಹಳೇ ಎಸ್‌ಎಂ58 ತೆಗೆದೆ. ಸ್ಟೇಜಿನ ಮೈಕು, ಬಾಯಿಗೆ ಹತ್ತಿರ ಇದ್ದದ್ದನ್ನು ಮಾತ್ರ ಹಿಡಿಯುತ್ತದೆ. ಕೈಯಲ್ಲಿ ಹಿಡಿದು, ಕೂಗಿ ಹಾಡಬಹುದು. ಅವನು ಮೊದಲು ಬೇಡ ಅಂದ, ಆಮೇಲೆ ಕೇಳಿ ನೋಡಿ "ಇದೇ ಇರ್ಲಿ" ಅಂದ. ಸ್ವಲ್ಪ ಒರಟು, ಆದರೆ ಆ ಡ್ರಮ್ಸ್ ಪಕ್ಕಕ್ಕೆ ಆ ಒರಟುತನವೇ ಬೇಕಾಗಿತ್ತು.

ನಿಜವಾದ ಕಷ್ಟ ತಾಳದ್ದು. ಟ್ರ್ಯಾಕ್ ನಿಮಿಷಕ್ಕೆ 126 ಬೀಟ್. ಅಂದರೆ ಅರ್ಧ ಸೆಕೆಂಡಿಗೂ ಮೊದಲೇ ಇನ್ನೊಂದು ಪೆಟ್ಟು. ಬ್ಯಾಂಡಿನಲ್ಲಿ ನಾನು ಒಂದು ಸಾಲನ್ನು ಎಳೆದರೆ ಡ್ರಮ್ಮರ್ ನನ್ನ ಮುಖ ನೋಡುತ್ತಾನೆ, ಒಂಚೂರು ತಡೆಯುತ್ತಾನೆ. ನಾನು ಮುನ್ನುಗ್ಗಿದರೆ ಅವನೂ ನುಗ್ಗುತ್ತಾನೆ. ಯಂತ್ರ ಯಾರ ಮುಖವನ್ನೂ ನೋಡಲ್ಲ. ಮೊದಲ ಗಂಟೆಯಲ್ಲಿ ಸಿಟ್ಟು ಬಂದದ್ದು ನಿಜ. ಆಮೇಲೆ ಒಂದು ಹೊತ್ತಿನಲ್ಲಿ ಅದೇ ನೆಮ್ಮದಿ ಕೊಡತೊಡಗಿತು. ತಾಳದ ಹೊಣೆ ನನ್ನ ಮೇಲಿಲ್ಲ. ನಾನು ಎಷ್ಟೇ ಹಿಂದೆ ಬಿದ್ದರೂ, ಮುಂದೆ ಹೋದರೂ ಅದು ಅಲ್ಲೇ ಇರುತ್ತದೆ. ಅದರ ಮೇಲೆ ಒರಗಬಹುದು.

ಮಾತು ಕನ್ನಡದ್ದೇ ಇರಲಿ ಅಂತ ಅವನ ಹಟ. ನಾನು ಎರಡು ಸಾಲು ಬರೆದಿದ್ದೆ: "ಊರು ಮಲಗೋ ಹೊತ್ತಿಗೆ ನಾನು ಏಳುವೆ, ದಾರಿ ಮುಗಿಯೋ ಜಾಗದಿಂದ ನಡೆವೆ." ಇಡೀ ಹಾಡಿಗೆ ಬರೆದುಕೊಂಡು ಹೋಗಿದ್ದೆ, ಅವನಿಗೆ ಬೇಕಾದದ್ದು ಇಷ್ಟೇ.

ಮಧ್ಯಾಹ್ನ ಅಕ್ಕ ಕಾಫಿ ತಂದಳು. ಸ್ಪೀಕರಿನಲ್ಲಿ ಆ ಗುಂಯ್‌ಗುಡುವ ಸಿಂಥ್ ಓಡುತ್ತಿತ್ತು. ಅಕ್ಕ ಕರ್ನಾಟಕ ಸಂಗೀತ ಕಲಿತವಳು, ಮಕ್ಕಳಿಗೆ ಪಾಠ ಹೇಳುತ್ತಾಳೆ. ಒಂದು ನಿಮಿಷ ನಿಂತು ಕೇಳಿ, "ಇದೇನು ಶ್ರುತಿ ಹಿಡಿದ ಹಾಗೂ ಇಲ್ಲ, ಬಿಟ್ಟ ಹಾಗೂ ಇಲ್ಲವಲ್ಲೋ" ಅಂದಳು. ಕೆಳಗೆ ಹೋಗಿ ತನ್ನ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ತಂದು ಟೇಬಲ್ ಮೇಲಿಟ್ಟಳು. ಅವಳ ಶ್ರುತಿ ಐದು, ಅಂದರೆ ಜಿ ಸ್ವರ. ನನಗೆ ಅದು ಆಗಲ್ಲ. ಗುಂಡಿ ತಿರುಗಿಸಿ ಎರಡಕ್ಕೆ, ಅಂದರೆ ಡಿಗೆ ತಂದಳು. ಟ್ರ್ಯಾಕು ಇದ್ದದ್ದು ಡಿ ಸ್ವರದಲ್ಲಿ, ಸರಿಯಾಗಿ ಕೂತಿತು. ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ. ತಂಬೂರಿ ಮೀಟುವ ವೇಗಕ್ಕೂ ಒಂದು ಗುಂಡಿ ಇದೆ. ಅಳಿಯ ಅದನ್ನು ತಿರುಗಿಸಿ ತಿರುಗಿಸಿ, ಒಂದು ಸುತ್ತು ಸರಿಯಾಗಿ ನಾಲ್ಕು ಬಾರ್‌ಗೆ, ಅಂದರೆ ಹದಿನಾರು ಬೀಟಿಗೆ ಬರುವ ಹಾಗೆ ಮಾಡಿ, ರೆಕಾರ್ಡ್ ಮಾಡಿ ಲೂಪ್ ಹಾಕಿದ. ಸಿಂಥ್ ತೆಗೆದುಬಿಟ್ಟ.

ನನಗೆ ಮೈ ಜುಮ್ ಅಂದಿತು. ಯಾಕೆ ಅಂದರೆ 'ಸೆಟಿಂಗ್ ಸನ್'ನ ಹಿಂದೆ ಇರುವುದು ಬೀಟಲ್ಸ್‌ನ 'ಟುಮಾರೋ ನೆವರ್ ನೋಸ್'. 1966ರ ಹಾಡು. ಅದರಲ್ಲಿ ಮೊದಲು ಕೇಳುವುದೇ ತಂಬೂರಿ. ಒಂದೇ ಕಾರ್ಡಿನ ಮೇಲೆ ನಿಂತ ಹಾಡು. ಜಾನ್ ಲೆನನ್ ದನಿಯನ್ನು ತಿರುಗುವ ಸ್ಪೀಕರಿನಲ್ಲಿ ಹಾಯಿಸಿದ್ದರು. ರಿಂಗೋನ ಬೇಸ್ ಡ್ರಮ್ಮಿನೊಳಗೆ ಉಣ್ಣೆ ಸ್ವೆಟರ್ ತುರುಕಿ, ಮೈಕನ್ನು ಹತ್ತಿರ ತಂದು, ಎಂಜಿನಿಯರ್ ಜೆಫ್ ಎಮೆರಿಕ್ ಆ ಡ್ರಮ್ ಸದ್ದನ್ನು ಹಿಡಿದಿದ್ದ. ಕೆಮಿಕಲ್ ಬ್ರದರ್ಸ್ ಅದರ ತುಣುಕು ಕದ್ದಿದ್ದಾರೆ ಅಂತ ಬೀಟಲ್ಸ್ ಕಡೆಯ ವಕೀಲರು ತಕರಾರು ತೆಗೆದರು. ಕದ್ದಿಲ್ಲ, ಎಲ್ಲ ಹೊಸದಾಗಿ ಮಾಡಿದ್ದು ಅಂತ ತೋರಿಸಲು ಇವರು ಸಂಗೀತ ತಜ್ಞರನ್ನು ಹಿಡಿಯಬೇಕಾಯಿತು.

ನಮ್ಮ ಮನೆಯಲ್ಲಿ ತಂಬೂರಿ ಎಲ್ಲಿಂದಲೋ ತರಬೇಕಾದ ವಸ್ತು ಅಲ್ಲ. ಅದೂ ಎಲೆಕ್ಟ್ರಾನಿಕ್ ತಂಬೂರಿ, ಬೆಂಗಳೂರಿನಲ್ಲೇ ತಯಾರಾದದ್ದು. ಯಂತ್ರದ ಜೊತೆ ಹಾಡೋದು ನನಗೆ ಹೊಸದು ಅಂದುಕೊಂಡಿದ್ದೆ. ಅಕ್ಕ ದಿನಾ ಬೆಳಗ್ಗೆ ಅದನ್ನೇ ಮಾಡುತ್ತಿದ್ದಾಳೆ. ಕಾರ್ಡ್ ಬದಲಾಗಲ್ಲ ಅಂತ ನಾನು ಗೊಣಗಿದ್ದಕ್ಕೆ ಅವಳು ಹೇಳಿದ್ದು ಒಂದೇ ಮಾತು: "ಬದಲಾಗಬೇಕಾದ್ದು ನೀನು ಕಣೋ. ಶ್ರುತಿ ಯಾಕೆ ಬದಲಾಗ್ಬೇಕು?"

ಅದಾದ ಮೇಲೆ ಹಾಡಿದ್ದೇ ಬೇರೆ. ರಾಕ್ ಹಾಡುವಾಗ ಗಿಟಾರ್ ಕಾರ್ಡು ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಅಲ್ಲಿಗೆ ಹೋಗುತ್ತೇನೆ. ಇಲ್ಲಿ ಷಡ್ಜದ ಮೇಲೆ ನಿಂತುಕೊಂಡು, ಒಂದೇ ಸಾಲನ್ನು ಮೆಲ್ಲಗೆ, ಗಟ್ಟಿಯಾಗಿ, ಪಂಚಮದಿಂದ ಇಳಿದು, ಮೇಲಿನ ಷಡ್ಜಕ್ಕೆ ಕೂಗಿ ಹಾಡುತ್ತಾ ಹೋದೆ. ಅಳಿಯ ರೆಕಾರ್ಡಿಂಗ್ ನಿಲ್ಲಿಸಲೇ ಇಲ್ಲ.

ಸಂಜೆ ಅವನು ಕತ್ತರಿಸಲು ಕೂತ. ನಾನು ಪಕ್ಕದಲ್ಲೇ ಕೂತು ನೋಡಿದೆ. ಎರಡನೇ ಸಾಲು ಪೂರ್ತಿ ಹೋಯಿತು. ಮೊದಲ ಸಾಲಿನ "ಏಳುವೆ" ಅನ್ನೋದರ ಕೊನೆಯನ್ನು ಎಳೆದು ಉದ್ದ ಮಾಡಿದ. ಸಾಲು ಶುರು ಮಾಡುವ ಮುಂಚೆ ನಾನು ಎಳೆದುಕೊಂಡ ಉಸಿರು ಇರುತ್ತದಲ್ಲ, ಸಾಮಾನ್ಯವಾಗಿ ಅದನ್ನು ಅಳಿಸುತ್ತಾರೆ. ಅವನು ಆ ಉಸಿರನ್ನು ಮಾತ್ರ ಬೇರೆ ಮಾಡಿ, ಎರಡನೇ ಮತ್ತು ನಾಲ್ಕನೇ ಬೀಟಿನ ಮೇಲೆ ಇಟ್ಟ. ಚಪ್ಪಾಳೆಯ ಜಾಗದಲ್ಲಿ ನನ್ನ ಉಸಿರು. ಆಮೇಲೆ ಸೈಡ್‌ಚೈನ್ ಹಾಕಿದ. ಕಿಕ್ ಡ್ರಮ್ ಬಿದ್ದಾಗಲೆಲ್ಲ ತಂಬೂರಿ ಮತ್ತು ನನ್ನ ದನಿ ಎರಡೂ ತಗ್ಗಿ, ಮತ್ತೆ ಎದ್ದು ಬರುತ್ತವೆ. ಡ್ಯಾನ್ಸ್ ಸಂಗೀತದಲ್ಲಿ ಕಾಲು ತಾನಾಗಿ ಕುಣಿಯುವುದು ಇದೇ ಏರಿಳಿತದಿಂದ.

ಕೇಳಿದಾಗ ಅದು ನಾನೇ, ಆದರೆ ನಾನು ಹಾಡಿದ್ದಲ್ಲ. ಬೇಜಾರಾಗಲಿಲ್ಲ. ಖುಷಿಯೇ ಜಾಸ್ತಿ ಆಯಿತು. ಇಷ್ಟು ವರ್ಷ ಹಾಡಿದರೂ ನನ್ನ ದನಿಯಲ್ಲಿ ಏನೇನಿದೆ ಅಂತ ಇನ್ನೊಬ್ಬರು ಹೀಗೆ ಹುಡುಕಿ ಕೊಟ್ಟಿರಲಿಲ್ಲ.

ಕೆಮಿಕಲ್ ಬ್ರದರ್ಸ್‌ನ 'ಬ್ಲಾಕ್ ರಾಕಿನ್ ಬೀಟ್ಸ್'ಗೆ 1998ರಲ್ಲಿ ಗ್ರ್ಯಾಮಿ ಬಂತು, ಅದೂ ರಾಕ್ ವಾದ್ಯ ಸಂಗೀತದ ವಿಭಾಗದಲ್ಲಿ. ಇದನ್ನು ಹೇಳಿದಾಗ ಅಳಿಯ ತುಂಬಾ ಹೊತ್ತು ನಕ್ಕ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಆ ಬೀಟು ಕೇಳಿದವರಿಗೆ ಅದು ರಾಕ್ ಅಲ್ಲ ಅಂತ ಹೇಳಲು ಆಗುವುದಿಲ್ಲ.

ಮಿಕ್ಸಿಂಗ್‌ನಲ್ಲಿ ಒಂದು ಜಗಳ ಉಳಿದಿತ್ತು. ನನ್ನ ದನಿ ಎರಡು ಡೆಸಿಬಲ್ ಮೇಲೆ ಬರಲಿ ಅಂತ ನಾನು, ಬೇಡ ಅಂತ ಅವನು. "ಮಾವ, ನೋಯೆಲ್ ದನಿ ಎಲ್ಲಿತ್ತು ಅಂತ ನೀನೇ ಹೇಳಿದ್ದಲ್ವಾ?" ಅಂದ. ಕಾರಿನಲ್ಲಿ ಹಾಕಿ ಕೇಳಿದೆ, ಫೋನಿನಲ್ಲಿ ಕೇಳಿದೆ. ಅವನು ಹೇಳಿದ್ದೇ ಸರಿ, ಹಾಗೇ ಇರಲಿ ಅಂದೆ.

ಈಗ ಎರಡನೇ ಟ್ರ್ಯಾಕ್ ಶುರುವಾಗಿದೆ. ಈ ಸಲ ಮೊದಲು ನನ್ನ ಹಾಡು, ಬೀಟ್ ಆಮೇಲೆ ಅಂತ ಶರತ್ತು ಹಾಕಿದ್ದೇನೆ. ಅವನು ಒಪ್ಪಿದ್ದಾನೆ. ಆದರೆ ಕ್ಲಿಕ್, ಅಂದರೆ ತಾಳ ಹೇಳುವ ಟಿಕ್ ಟಿಕ್ ಸದ್ದು, ಕಿವಿಗೆ ಹಾಕಿಕೊಂಡೇ ಹಾಡಬೇಕಂತೆ. ಅಕ್ಕನೂ ಒಂದು ಆಲಾಪನೆ ಹಾಡುತ್ತೇನೆ ಅಂದಿದ್ದಾಳೆ, ಅದು ಐದರ ಶ್ರುತಿಯಲ್ಲೇ ಆಗಬೇಕು ಅಂತ ಅವಳ ಪಟ್ಟು. ಎರಡಕ್ಕೂ ಐದಕ್ಕೂ ಒಂದೇ ಟ್ರ್ಯಾಕಿನಲ್ಲಿ ಹೇಗೆ ಜಾಗ ಮಾಡೋದು ಅಂತ ಅಳಿಯ ಲೆಕ್ಕ ಹಾಕುತ್ತಿದ್ದಾನೆ.